ಜಾಳರೇಷಾದ ಮ್ಯಾಲೆ ಕುರಿ ಕುಂಡ್ರಿಸಿದ ಶಾಣ್ಯಾ

ನನ್ನ ಬಲಗೈ ವಾಸ ಯಾರಿಗರೆ ಬೇಕಿದ್ರ ಪುಕಟ್ ಕೊಡತೇನಿ, ಒಯ್ರಿ. ತಗಣಿ ಅರದು, ಅದಕ್ಕ ಹಸೀ ಮಾವಿನಕಾಯಿ ಸೊನಿ ಹಾಕಿ, ಮ್ಯಾಲೆ ಚಿಮಣಿ ಎಣ್ಣಿ ಸುರುವಿದ್ರ ಏನ ಬರತೈತಿ, ಅದು. ಸಾಬಾಣ ಹಚ್ಚೇನಿ, ಬೂದಿ ಹಚ್ಚೇನಿ, ಹುಣಸಿಹಣ್ಣ ತಿಕ್ಕೇನಿ, ಒಮ್ಮೆ ಸಿಟ್ಟಿಗೆದ್ದು ಭಾಂಡಿ ತಿಕ್ಕೂ ಪುಡಿ ಸೈತ ಹಚ್ಚಿ ನೋಡೇನಿ. ತೊಗಲು ಕಿತ್ತು ಬಂತು, ವಾಸ ಮಾತ್ರ ಬಾಡಿಗಿ ಕೊಡದ ಬಾಡಿಗಿದಾರನಂಗ ಅಲ್ಲೇ ಕುಂತೈತಿ.

ಇದು ರಾನಮೋಡಿ ಅನ್ನೂ ಗಿಡದ ವಾಸ. ಆಳೆತ್ತರ ಬೆಳೀತೈತಿ, ಬಿಳಿ ಹೂವಿನ ಕುಚ್ಚ ಬಿಡತೈತಿ, ಅದರ ಬೀಜ ಗಾಳ್ಯಾಗ ಹತ್ತಿ ಹಾರಿದಂಗ ಹಾರತಾವು. ದನಾ ಮುಟ್ಟಂಗಿಲ್ಲ, ಕುರಿ ಮುಟ್ಟಂಗಿಲ್ಲ, ಮ್ಯಾಕಿ ಸೈತ ಮೂಸಿ ಮಾರಿ ತಿರುವತೈತಿ. ಮ್ಯಾಕಿ ಬ್ಯಾಡಂದದ್ದನ್ನ ನೀವರೆ ಏನ ಮಾಡ್ತೀರಿ? ನಾ ವಾರಕ್ಕೊಮ್ಮೆ ಗುಡ್ಡಕ್ಕ ಹೋಗಿ ಅದನ್ನ ಬೇರಸಹಿತ ಕೀಳತೇನಿ. ಅದರ ಜೋಡಿಗಿ ಗಾಜರ ಗವತಾನೂ, ಕಾಂಗ್ರೆಸ್ ಕಸ ಅಂತಾರಲ್ಲ ಅದನ್ನೂ, ಕೀಳತೇನಿ. ಎಲಿ ಗಜ್ಜರಿ ಎಲಿ ಹಂಗ, ಹೂವು ಚೆಲ್ಲಿದ ಅಕ್ಕಿ ನುಚ್ಚಿನಂಗ, ಗುಣಾ ಮಾತ್ರ ನಮ್ಮ ವೈರಿಗೂ ಬ್ಯಾಡ. ಅದರ ಪುಡಿ ಹತ್ತಿ ಕುತ್ತಿಗಿಗಿ, ಮೊಣಕೈಗಿ, ಹೇಳಬಾರದ ಜಾಗಾಕ ಕೆಂಪ ಗುಳ್ಳಿ ಎದ್ದಾವು. ಕೆರಕೊಳ್ಳೂದ ನೋಡಿ ಬಸ್ಸಿನ್ಯಾಗ ಬಾಜೂ ಕುಂತವರು ಎದ್ದು ನಿಲ್ಲತಾರ. ಸೀಟು ಪೂರಾ ಸಿಗತೈತಿ. ಇದೊಂದ ಲಾಭ.

ಇದನ್ನ ಗುಡ್ಡಕ್ಕ ತಂದಾಂವ ಯಾರು? ನಾನ.

ನಮ್ಮೂರು ಗಡಹಿಂಗ್ಲಜದಿಂದ ಬಸ್ಸಿನ್ಯಾಗ ಒಂದ ನಿದ್ದಿ ದೂರ. ಮುಂದ ಕಬ್ಬು, ಹಿಂದ ಗುಡ್ಡ. ಮನಿಯೊಳಗ ಕನ್ನಡ, ಓಣ್ಯಾಗ ಅರ್ಧ ಮರಾಠಿ, ಪಂಚಾಯತ್ಯಾಗ ಪೂರಾ ಮರಾಠಿ. ನನ್ನ ಬೆಳಿಸಿದಾಕಿ ಅಪ್ಪನ ಅಕ್ಕ, ನಮ್ಮ ಅತ್ತಿ. ನಾವು ಕುರುಬರು. ಅಜ್ಜನ ಕಾಲಕ್ಕ ಕುರಿ ಇದ್ವು, ಈಗ ಅತ್ತೀದು ಒಂದು ಎಮ್ಮಿ, ನಾನು ಇನ್ನೊಂದು. ಎಮ್ಮಿ ಹಾಲ ಕೊಡತೈತಿ ಅಂತ ಅಕಿ ಆಗಾಗ ನೆನಪ ಮಾಡ್ತಿರತಾಳ.

ವರ್ಷದಾಗ ಹನ್ನೊಂದೂವರಿ ತಿಂಗಳು ಅತ್ತಿ ಮಂದಿ ಹೊಲದಾಗ ಬಗ್ಗಿರತಾಳ. ಕಸಾ ತಗೀ ಅಂದ್ರ ತಗಿಯೂದು, ಸಾಲ ಬಿಡಬ್ಯಾಡ ಅಂದ್ರ ಹೂಂನ್ರಿ ಅನ್ನೂದು. ಖರೆ ಜೂನಿನ್ಯಾಗ ಮೊದಲ ಮಳಿ ಬಿತ್ತಂದ್ರ ಅಕಿ ಖದರ ಬ್ಯಾರೆ. ಬುಟ್ಟಿ ತಗೊಂಡು ಗುಡ್ಡಾ ಏರತಾಳ. ಅಲ್ಲಿ ಹುಲ್ಲಿನ ನಡುಕ ಒಂದ ಪಲ್ಲೆ ಏಳತೈತಿ, ನೋಡಾಕ ಹುಲ್ಲಿನಂಗನ, ಎಲಿ ಮಾತ್ರ ದಪ್ಪ, ನಡುವ ಮಡಚಿದಂಗ. ಮರಾಠಿ ಮಂದಿ ಫೋಡಶಿ ಅಂತಾರ, ನಾವು ಗುಡ್ಡದ ಪಲ್ಲೆ ಅಂತೇವಿ. ಯಾರೂ ಬಿತ್ತಿದ್ದಲ್ಲ. ಬ್ಯಾಸಿಗ್ಯಾಗ ಗುರುತ ಇರೂದಿಲ್ಲ, ನೆಲದಾಗ ಬೆರಳಿನಂಥಾ ಬೇರು ಮಲಗಿರತಾವು, ಮಳಿ ವಾಸ ಬಂದ್ರ ಎದ್ದು ಕುಂಡ್ರತಾವು. ಕಡ್ಲಿಬ್ಯಾಳಿ, ಬಳ್ಳೊಳ್ಳಿ ಹಾಕಿ ಮಾಡಿದ್ರ ರೊಟ್ಟಿ ಲೆಕ್ಕ ತಪ್ಪತೈತಿ. ಅದನ್ನ ಅತ್ತಿ ಗಡಹಿಂಗ್ಲಜದ ಸಂತಿಗಿ ಒಯ್ದು ಕುಂತ್ರ, ಅಕಿಗಿ ಕಸಾ ತಗೀ ಅಂತಿದ್ದ ಹೊಲದ ಗೌಡಶಾನಿ ಬಂದು, "ಅಕ್ಕಾ, ನನಗೊಂದ ಸಿವುಡ ಎತ್ತಿಡ" ಅಂತಾಳ. ಅತ್ತಿ, "ನೋಡೋಣು ತಡಿ" ಅಂತಾಳ. ಆ ನೋಡೋಣು ತಡಿ ಅನ್ನೂ ಸಲುವಾಗಿ ಅಕಿ ಹನ್ನೊಂದೂವರಿ ತಿಂಗಳು ಬದುಕತಾಳ ಅನ್ನಸತೈತಿ ನನಗ. ಹದಿನೈದ ದಿವಸದ ರಾಣಿ.

ಈ ರಾಣಿ ರಾಜ್ಯಾನ ನಾ ಜೆಸಿಬಿ ಹಚ್ಚಿ ಕೆರದೆ.

ಹೆಂಗಾತಂದ್ರ, ನಾ ಕೊಲ್ಲಾಪುರದಾಗ ಬಾಟನಿ ತಗೊಂಡು ಬಿ.ಎಸ್ಸಿ. ಮಾಡೇನಿ. ಮಾಡೇನಿ ಅನ್ನೂದಕಿಂತ, ಅದು ನನಗ ಆಗಿ ಹೋತು, ದಡಾರ ಆದಂಗ. ಮೂರು ವರ್ಷದಾಗ ನಾ ನೋಡಿದ ಗಿಡಾ ಎಲ್ಲಾ ಸತ್ತು ಒಣಗಿ ಹಾಳಿಗಿ ಅಂಟಿದ್ವು. ಜೀವ ಇದ್ದ ಗಿಡಾ ಎದುರಿಗಿ ಬಂದ್ರ ಗುರುತ ಹಿಡಿಯೂದಿಲ್ಲ, ಇಸ್ತ್ರಿ ಮಾಡಿ ತಂದ್ರ ಹೆಸರ ಹೇಳತೇನಿ. ಡಿಗ್ರಿ ಆದಮ್ಯಾಲೆ ಇಚಲಕರಂಜಿಯೊಳಗ ಒಂದ ಮಗ್ಗದ ಶೆಡ್ಡಿನ್ಯಾಗ ಎಂಟ ತಿಂಗಳು ಇದ್ದೆ. ಅಲ್ಲಿ ಹರದ ನೂಲ ಕಟ್ಟೂ ಕೆಲಸ. ಒಂದಿನ ನಿದ್ದಿಗಣ್ಣಾಗ ನೂಲಿನ ಜೋಡಿ ನನ್ನ ಅಂಗಿ ದಾರಾನೂ ಸೇರಿಸಿ ಕಟ್ಟಿದೆ. ಮಗ್ಗ ಚಾಲೂ ಆತು, ನನ್ನ ಅಂಗಿ ಅರ್ಧ ಸೀರಿ ಆತು. ಮಾಲಕ ಸಿಟ್ಟಿಗೇಳಲಿಲ್ಲ, ಕೈ ಮುಗದು ಊರಿಗಿ ಕಳಿಸಿದ.

ಊರಾಗ ಬ್ಯಾರೆ ತ್ರಾಸ ನಡದಿತ್ತು. ಕಬ್ಬು ಕಡದ ಮ್ಯಾಲೆ ಹೊಲದಾಗ ರವದಿ ಉಳೀತೈತಿ, ಒಣಗಿದ ಎಲಿ. ಅದಕ್ಕ ಕಡ್ಡಿ ಕೊರದು ಮಂದಿ ಚಹಾ ಕುಡ್ಯಾಕ ಹೋಗತಾರ. ಬೆಂಕಿ ಚಹಾ ಕುಡಿಯೂದಿಲ್ಲ, ಗುಡ್ಡಾ ಏರತೈತಿ. ಮಾರ್ಚಿನ್ಯಾಗ ಗುಡ್ಡದ ಹುಲ್ಲು ಒಣಗಿ ಕರಡ ಆಗಿರತೈತಿ, ಒಂದ ಕಿಡಿ ಸಾಕು. ಆ ವರ್ಷ ಬೆಂಕಿ ಗುಡ್ಡಾ ಸುತ್ತಿ ಆ ಕಡೆ ಇಳದು ಎರಡ ಬಣವಿ ಸುಟ್ಟಿತ್ತು. ಅದಕ್ಕ ಊರಿನ ವನ ಸಮಿತಿಯವರು ಕುಂತು, ಕಬ್ಬಿಗಿ ಗುಡ್ಡಕ್ಕ ನಡುವ ಜಾಳರೇಷಾ ಮಾಡೂದಂತ ಠರಾಯಿಸಿದ್ರು. ಜಾಳರೇಷಾ ಅಂದ್ರ ಬೆಂಕಿ ದಾಟಬಾರದಂತ ಹುಲ್ಲು ತಗದು ಬಿಡೂ ಪಟ್ಟಿ. ಅದನ್ನ ನೋಡಕೊಳ್ಳಾಕ ಶಾಣ್ಯಾ ಮನಶ್ಯಾ ಬೇಕಾಗಿದ್ದ. ಶಾಣ್ಯಾ ಸಿಗಲಿಲ್ಲ, ನಾ ಸಿಕ್ಕೆ.

ಸಮಿತಿ ಅಧ್ಯಕ್ಷ ಕಾಕಾ ಜೀವನದಾಗ ಒಂದ ಗಿಡಾ ಹಚ್ಚಿಲ್ಲ, ಹಚ್ಚಿದವರ ಜೋಡಿ ಫೋಟೋ ಮಾತ್ರ ಒಂದೂ ಬಿಟ್ಟಿಲ್ಲ. ನನ್ನ ಹೆಗಲ ಮ್ಯಾಲೆ ಕೈ ಹಾಕಿ ಅಂದ್ರು: "ನಮ್ಮ ಊರಿನ ಸಂಶೋಧಕ! ಅರೇ, ಮೊದಲ ಒಂದ ಸರ್ವೆ ಮಾಡ. ಗುಡ್ಡದಾಗ ಏನೇನ ಐತಿ ಬರಕೊಂಡ ಬಾ. ಪುಢಂ ಬಘೂ, ಮುಂದಿಂದ ಮುಂದ ನೋಡೋಣು."

ನಾ ಸರ್ವೆ ಮಾಡಿದ್ದು ಡಿಸೆಂಬರದಾಗ. ಕರೇ ಚಸ್ಮಾ ಹಾಕ್ಕೊಂಡು, ಕಿಸೆದಾಗ ಪೆನ್ನ ಸಿಗಿಸಿಕೊಂಡು ಗುಡ್ಡದ ಬುಡಕ್ಕ ಮೂರ ಸಲ ತಿರಗ್ಯಾಡಿದೆ. ಡಿಸೆಂಬರದಾಗ ಅಲ್ಲೇನ ಕಾಣತೈತ್ರಿ? ಒಣಾ ಹುಲ್ಲು, ಕಲ್ಲು, ಒಂದ ಓತಿಕ್ಯಾತ. ಬೇರು, ಬೀಜ, ಉಳದ ಮಂದಿಯೆಲ್ಲಾ ನೆಲದ ಕೆಳಗ ಮಲಗಿದ್ರು. ಊರ ಮಂದಿ ಹೊಲಕ್ಕ ಹೋದ ಹೊತ್ತಿನ್ಯಾಗ ಬಂದು ಓಣಿ ನೋಡಿ, ಈ ಊರಾಗ ಯಾರೂ ಇಲ್ಲ ಅಂತ ಬರದಂಗ, ನಾ ವಹಿಯೊಳಗ ದಪ್ಪ ಅಕ್ಷರದಾಗ ಬರದೆ: ನಿರುಪಯೋಗಿ ಹುಲ್ಲು. ಮತ್ತೇನೂ ಇಲ್ಲ. ಕೆಳಗ ಸಹಿ. ಸಹಿ ಕೆಳಗ ಎರಡ ಗೆರಿ. ಆ ಗೆರಿ ನೆನಸಿದ್ರ ಈಗೂ ನನಗ ನನ್ನ ಬಗ್ಗೆ ಹೇಸಿಕಿ ಬರತೈತಿ.

ಅತ್ತಿಗಿ ಪಟ್ಟಿ ಬಗ್ಗೆ ಗೊತ್ತಿತ್ತು. ಬ್ಯಾಡ ಅನ್ನಲಿಲ್ಲ ಅಕಿ. ಬೆಂಕಿ ಅಂದ್ರ ಅಕಿಗೂ ಅಂಜಿಕಿ.

"ಕುಡಗೋಲಲೇ ಕೊಯ್ರಿ," ಅಂದ್ಲು. "ನೆಲಾ ಮುಟ್ಟಬ್ಯಾಡ್ರಿ. ಒಂದ ಗೇಣ ಬುಡ ಬಿಟ್ಟು ಕೊಯ್ದು, ಕೂಡಿಸಿ, ಮಂಜ ಬಿದ್ದ ಮುಂಜಾನೆ ಸುಟ್ಟಬಿಡ್ರಿ. ನಮ್ಮಪ್ಪ ಹಂಗ ಮಾಡತಿದ್ದ."

"ಅತ್ತೀ, ನಿಮ್ಮಪ್ಪನ ಕಾಲದಾಗ ಜೆಸಿಬಿ ಇರಲಿಲ್ಲ."

"ಬುದ್ಧಿ ಇತ್ತಪಾ."

"ಹುಲ್ಲಿನ ಬುಡ ಬಿಟ್ರ ಮತ್ತ ಚಿಗಿತೈತಿ. ಬುಡಸಹಿತ ತಗದ್ರ ಬೆಂಕಿಗಿ ಏನೂ ಸಿಗೂದಿಲ್ಲ. ಇದು ಸೈನ್ಸ."

"ಎಲ್ಲಿ ತನಾ ತಗೀತಿ?"

"ದೊಡ್ಡ ಬಂಡಿತನಾ."

ಗುಡ್ಡದ ಬುಡಕ್ಕ ಆನಿ ಕುಂತಂಗ ಒಂದ ಬಂಡಿಗಲ್ಲ ಐತಿ. ಅತ್ತಿ ಪಲ್ಲೆ ಅದರ ಈ ಕಡೆನೂ ಇತ್ತು, ಆ ಕಡೆನೂ ಇತ್ತು. "ನನ್ನ ಪಲ್ಲೆ ಅಲ್ಲೇ ಐತಿ ನೋಡ," ಅಂದ್ಲು.

ನಾ ವಹಿ ತಗದು ತೋರಿಸಿದೆ. "ಅತ್ತೀ, ನಾ ಸರ್ವೆ ಮಾಡೇನಿ. ಅಲ್ಲೇನೂ ಇಲ್ಲ."

ಅಕ್ಷರ ಬಾರದಾಕಿ ಆ ಹಾಳಿನ ಭಾಳ ಹೊತ್ತು ನೋಡಿದ್ಲು. "ಇದ್ರಾಗ ಇಲ್ಲ ಬಿಡ ಹಂಗಾರ," ಅಂದು ಎಮ್ಮಿ ಕಡೆ ಹೋದ್ಲು.

ಜೆಸಿಬಿ ಬಂತು. ಡ್ರೈವರ್ ಆಜರಾ ಕಡ್ಯಾಂವ. ಅಲ್ಲಿ ಗೋಡಂಬಿ ತ್ವಾಟದ ದಾರಿ ಮಾಡಿ ಹಂಗ ಸೀದಾ ಬಂದಿದ್ದ. ಬಕೆಟಿನ ಹಲ್ಲಿನ್ಯಾಗ ಆಜರಾದ ಕೆಂಪ ಮಣ್ಣು, ಬೇರು, ಒಣಾ ಹೂವಿನ ಕುಚ್ಚು ಸಿಕ್ಕಿದ್ವು. ಅಂವ ಕೇಳಿದ, "ಸಾಹೇಬ, ಬಕೆಟ್ ತೊಳದು ಹಚ್ಚಲ್ಯೇನ?" ನನಗ ಜೀವನದಾಗ ಮೊದಲನೇ ಸಲ ಯಾರೋ ಸಾಹೇಬ ಅಂದಿದ್ರು. ಆ ಖುಷಿಯೊಳಗ, "ಮಣ್ಣ ಕೆರಿಯೂ ಬಕೆಟ್ ತೊಳಿಯೂದು ಯಾಕ? ನಡಿ, ಹಚ್ಚ!" ಅಂದೆ. ಆ ಬಿಳಿ ಕುಚ್ಚು ರಾನಮೋಡಿದು. ಕಾಲೇಜಿನ್ಯಾಗ ಅದರ ಹಾಳಿ ನಾ ನೋಡಿದ್ದೆ. ಖರೆ ಬಕೆಟಿಗಿ ಅಂಟಿದ್ದಕ್ಕ ಗುರುತ ಹಿಡೀಲಿಲ್ಲ, ಇಸ್ತ್ರಿ ಇರಲಿಲ್ಲಲ್ಲ.

ಎರಡ ದಿವಸದಾಗ ಗುಡ್ಡದ ಬುಡ ಬೋಡಿಸಿದ ತಲಿಯಾತು. ದೊಡ್ಡ ಬಂಡಿ ಹತ್ರ ಹೋದಾಗ ನಾ ಮುಂದ ನಿಂತು, ಬಾ ಬಾ ಬಾ, ಎಡಕ್ಕ, ಎಡಕ್ಕ, ಅಂತ ಕೈ ಮಾಡಾಕತ್ತಿದ್ದೆ. ನನ್ನ ಎಡ ಯಾವುದು ಡ್ರೈವರನ ಎಡ ಯಾವುದು ಅನ್ನೂದು ಇಬ್ರಿಗೂ ಹೊಳೀಲಿಲ್ಲ. ಜೆಸಿಬಿ ಒಂದ ಗಾಲಿ ಎರಡ ಕಲ್ಲಿನ ನಡುವ ಸಿಕ್ಕು ಕೂಗಾಕತ್ತು. ಅದನ್ನ ತಗ್ಯಾಕ ಇನ್ನೊಂದು ತರಸಬೇಕಾತು. ಇಬ್ರೂ ಡ್ರೈವರು ನನ್ನ ನೋಡಿ ಮರಾಠಿಯೊಳಗ ಬೈದದ್ದು ನನಗ ಪೂರಾ ತಿಳೀತು, ಅಷ್ಟ ಮರಾಠಿ ಬರತೈತಿ ನನಗ. ಹಂಗಾಗಿ ಬಂಡಿಗಲ್ಲಿನ ಬುಡಕ್ಕ ಒಂದ ಖೋಲಿಯಷ್ಟು ಜಾಗಾ ಕೆರೀದ ಉಳೀತು. ಪಟ್ಟಿಯ ಅಂದ ಕೆಟ್ಟಿತಲ್ಲಾ ಅಂತ ನಾ ಆವತ್ತ ಊಟ ಬಿಟ್ಟೆ.

ಇಷ್ಟಕ್ಕ ಬಿಟ್ಟಿದ್ರ ಅರ್ಧ ಪಾಪದಾಗ ಮುಗೀತಿತ್ತು. ನಾ ಕುರುಬರ ಹುಡುಗ ನೋಡ್ರಿ, ರಕ್ತ ಸುಮ್ಮನ ಕುಂಡ್ರಬೇಕಲ್ಲ. ಕೆಂಪ ಬರೇ ನೆಲ ನೋಡಿದ ಕೂಡಲೇ ನನ್ನ ತಲ್ಯಾಗ ಒಂದ ವಿಚಾರ ಬಂತು: ಕುರಿ ಕುಂಡ್ರಸೂದು. ನಮ್ಮ ಕಡೆ ಹೊಲಾ ಖಾಲಿ ಆತಂದ್ರ ಕುರುಬರನ ಕರದು ಹಿಂಡು ಅಲ್ಲೇ ತರಬಸ್ತಾರ. ಮೂರ ನಾಕ ದಿವಸ ಕುರಿ ಅಲ್ಲೇ ಉಂಡು, ಅಲ್ಲೇ ಮಲಗಿ, ಅಲ್ಲೇ ಹಿಕ್ಕಿ ಹಾಕಿ ಹೋಗತಾವು, ಹೊಲಕ್ಕ ಬಂಗಾರದಂಥಾ ಗೊಬ್ಬರ. ಅಳದುಳದ ಹುಲ್ಲಿನ ಬುಡಾನೂ ಕುರಿ ತಿಂದು ಸಾಫ್ ಮಾಡ್ತಾವು, ನೆಲಕ್ಕ ಗೊಬ್ಬರಾನೂ ಆತು, ಒಂದ ಕಲ್ಲಿಗಿ ಎರಡ ಹಕ್ಕಿ ಅಂತ ನನ್ನ ಲೆಕ್ಕ. ಆ ಕಲ್ಲು ಹೋಗಿ ಬಡದದ್ದು ನನ್ನ ಅತ್ತಿಗಿ.

ದೂರದ ಸಂಬಂಧದಾಗ ಒಬ್ಬ ಮಾಮಾ ಅದಾನ, ಹಿಂಡ ತಗೊಂಡು ಊರೂರ ತಿರಗ್ಯಾಂವ. ಆಗಷ್ಟ ಉದಗಾಂವ ಕಡೆ ಹೊಳಿ ದಂಡಿ ಹೊಲದಾಗ ಕುರಿ ಕುಂಡ್ರಿಸಿ ತಿರುಗಿ ಬಂದಿದ್ದ. ಆಜರಾದ ಅಕ್ಕಿ ಒಂದ ಚೀಲ ಕೊಡತೇನಿ ಅಂತ ಅವನ್ನ ಕರಕೊಂಡ ಬಂದೆ. ಅಂವ ಪಟ್ಟಿ ಮ್ಯಾಲೆ ನಿಂತು, ಕೋಲಿಗಿ ಗದ್ದ ಊರಿ, ಆ ಕಡೆ ಈ ಕಡೆ ನೋಡಿದ.

"ಅಳ್ಯಾ, ಇಲ್ಲೇನ ಬಿತ್ತತಿ? ಜ್ವಾಳಾ?"

"ಏನೂ ಬಿತ್ತಂಗಿಲ್ಲ ಮಾಮಾ."

"ಸೇಂಗಾ?"

"ಇಲ್ಲೋ ಮಾಮಾ. ಇಲ್ಲಿ ಏನೂ ಬೆಳೀಬಾರದು. ಜಾಳರೇಷಾ ಇದು."

ಮಾಮಾ ಕೋಲ ಬಿಟ್ಟು ನನ್ನ ಮಾರಿ ನೋಡಿದ. "ಏನೂ ಬೆಳೀಬಾರದ ನೆಲಕ್ಕ ಗೊಬ್ಬರ ಯಾಕಲೇ?"

ನೋಡ್ರಿ, ಸಾಲಿ ಮೆಟ್ಟಲಾ ಹತ್ತದ ಮನಶ್ಯಾ ಒಂದ ಮಾತಿನ್ಯಾಗ ನನ್ನ ಮೂರ ವರ್ಷದ ಡಿಗ್ರಿ ಹರದು ಕೈಯಾಗ ಕೊಟ್ಟಿದ್ದ. ಅಲ್ಲೇ ನಿಲ್ಲಬೇಕಿತ್ತು. ನಾ ಏನಂದೆ? "ಗೊಬ್ಬರ ಯಾರಿಗಿ ಬ್ಯಾಡಾಗತೈತಿ ಮಾಮಾ?"

"ಅದೂ ಖರೆ," ಅಂದ ಅಂವ. ಕುರುಬರ ಮುಂದ ಗೊಬ್ಬರ ಬ್ಯಾಡ ಅನ್ನೂದು ಗುಡಿಯಾಗ ದೇವ್ರ ಬ್ಯಾಡ ಅಂದಂಗ. ಇಬ್ರೂ ಒಂದ ರಕ್ತದ ಮೂರ್ಖರು. ಅಂವಗರೆ ಅಕ್ಕಿ ಸಿಕ್ಕಿತು.

ನಾಕ ದಿವಸ ಕುರಿ ಕುಂತ್ವು. ಅವು ಉದಗಾಂವದ ಬದುವಿನ ಮ್ಯಾಲಿನ ಗಾಜರ ಗವತದಾಗ ಹೊಳ್ಯಾಡಿ ಬಂದಿದ್ವು, ಒಂದೊಂದರ ಉಣ್ಣಿಯಾಗೂ ಒಂದೊಂದ ಚೀಲ ಬೀಜ. ಮಾಮಾ ಅಲ್ಲೇ ಬಂಡಿ ಮುಂದ ಅವುಗಳ ಉಣ್ಣಿ ಕತ್ತರಿಸಿ ಜಾಡಿಸಿದ. ಐದನೇ ದಿವಸ ಮುಂಜಾನೆ ನಾ ಪಟ್ಟಿಗಿ ಹೋದೆ. ಏನ ಆ ಹೊಲಸ! ಹಿಕ್ಕಿ, ಉಚ್ಚಿ, ಉದರಿದ ಕೂದಲಾ ಸೇರಿ ನೆಲಾನ ಒದ್ದಿ ಕಂಬಳಿ ಆಗಿತ್ತು, ಅದರ ಮ್ಯಾಲೆ ನೊಣದ್ದೊಂದು ಕಂಬಳಿ. ಜಾರಿ ಬಿದ್ದೆ. ಎದ್ದೆ. ಎದ್ದ ಜಾಗಾದಾಗನ ಮತ್ತ ಬಿದ್ದೆ. ಮನಿಗಿ ಬಂದಾಗ ಕುರಿ ಹೇನು ಬಗಲಾಗ ಕಚ್ಚಿ ಹಿಡದು ಜ್ವಾಳದ ಕಾಳಿನಷ್ಟು ಉಬ್ಬಿದ್ವು. ಅತ್ತಿ ಒಂದೊಂದ ಕಿತ್ತು ಒಲ್ಯಾಗ ಹಾಕಿದ್ಲು. ಚಟ್, ಚಟ್ ಅಂತ ಒಡದ್ವು. ಆ ಸಪ್ಪಳಕ್ಕ ನನ್ನ ಹೊಟ್ಟಿಯೊಳಗಿನ ಉಪ್ಪಿಟ್ಟ ಹೊರಗ ಬಂತು.

ಅಧ್ಯಕ್ಷ ಕಾಕಾ ಬಂದಾಗ ಹಿಕ್ಕಿ ಒಣಗಿದ್ವು. ಪಟ್ಟಿ ನಡುವ ನಿಂತು ಎರಡೂ ಕೈ ಅಗಲಿಸಿದ್ರು: "ಅರೇ ವಾ! ಏಕದಮ್ ಚಕಾಚಕ್! ವಿಮಾನ ಇಳಸಬಹುದಲ್ಲೋ!" ಫೋಟೋ ಆತು. ನಾನೂ ನಿಂತೇನಿ ಅದರಾಗ, ಹಲ್ಲು ಕಿಸದು. ಆ ಫೋಟೋ ಇವತ್ತಿಗೂ ಪಂಚಾಯತಿ ಗ್ವಾಡಿ ಮ್ಯಾಲೈತಿ. ನಾ ಆ ಕಡೆ ಹೋದಾಗೆಲ್ಲಾ ಅಡ್ಡದಾರಿ ಹಿಡಿತೇನಿ.

ಆ ಬ್ಯಾಸಿಗ್ಯಾಗ ಬೆಂಕಿ ಬರಲಿಲ್ಲ. ಬರಾಕ ಪಟ್ಟಿಯೊಳಗ ಏನಿತ್ತು ಮಣ್ಣ ಬಿಟ್ರ? ನಾ ಊರತುಂಬ ಎದಿ ಉಬ್ಬಿಸಿ ತಿರಗಿದೆ. ಜೂನ ಬಂತು. ಮೊದಲ ಮಳಿ ಸಂಜಿಮುಂದ ಬಿತ್ತು. ಅತ್ತಿ ಮೂರ ದಿವಸ ಬಿಟ್ಟು ಬುಟ್ಟಿ ತಗೊಂಡ್ಲು. "ಬಾ, ನಿನ್ನ ಸೈನ್ಸ ತೋರಸ," ಅಂದ್ಲು. ನಾನೂ ಹ್ವಾದೆ.

ಪಟ್ಟಿ ಹಸರಾಗಿತ್ತು. ಹಂತಾ ಹಸರ ಗುಡ್ಡದಾಗ ಎಲ್ಲೂ ಇರಲಿಲ್ಲ. ದೂರಿಂದ ನೋಡಿ ನಾ ಜಿಗದೆ, "ಅತ್ತೀ, ಪಲ್ಲೆ! ಕುರಿ ಗೊಬ್ಬರ ನೋಡ, ಹೆಂಗ ಎದ್ದೈತಿ!" ಅಂತ ಒದರಿದೆ. ಹತ್ರ ಹೋಗಿ ನೋಡಿದ್ವಿ. ಗಾಜರ ಗವತ. ಗುಡ್ಡದ ಈ ತುದಿಯಿಂದ ಆ ತುದಿತನಾ ಚಾಪಿ ಹಾಸಿದಂಗ, ಅದರ ನಡುವ ಅಲ್ಲಲ್ಲಿ ರಾನಮೋಡಿ ಸಸಿ. ಬರೀ ಕಲ್ಲು ಮುರಮ ತಿಂದು ಬದುಕೂ ಗುಡ್ಡದ ಗಿಡಕ್ಕ ಗೊಬ್ಬರ ಯಾಕ ಬೇಕು? ಬೇಕಾಗಿದ್ದು ಈ ಭಿಕಾರಿ ಕಸಕ್ಕ. ನಾ ಅದಕ್ಕ ತಾಟ ಹಾಕಿ, ಎಲಿ ತೊಳದು, ಉಣ್ಣ ಬಾ ಅಂತ ಕರದಿದ್ದೆ.

ಅತ್ತಿ ಬಗ್ಗಿ ಕಸಾ ಸರಸಿ ಸರಸಿ ನೋಡಿದ್ಲು. ಒಂದ ಕಡೆ ಮಣ್ಣ ಗುಂಪಿಯೊಳಗ ಕೈ ಹಾಕಿ ಏನೋ ತಗದ್ಲು. ಬೆರಳಿನಂಥಾ ಬೇರು, ಜೆಸಿಬಿ ಹಲ್ಲಿಗಿ ಸಿಕ್ಕು ಹರದು, ಒಣಗಿ ಸುಕ್ಕಾಗಿದ್ದು. ಒಂದ ಬೊಗಸಿ ಕೂಡಿಸಿ ಬುಟ್ಟಿಯೊಳಗ ಹಾಕಿ ನನ್ನ ಮುಂದ ಹಿಡದ್ಲು.

"ಇವು ನಿನ್ನ ವಹಿಯೊಳಗ ಬರದಿದ್ದೇನ?"

ನಾ ಬುಟ್ಟಿ ಇಸಕೊಂಡು ಅಕಿ ಹಿಂದ ಗುಡ್ಡಾ ಇಳದೆ.

ಆ ವರ್ಷ ಅತ್ತಿ ಸಂತಿಗಿ ಹೋಗಲಿಲ್ಲ. ಬಂಡಿಗಲ್ಲಿನ ಬುಡಕ್ಕ, ಜೆಸಿಬಿ ಸಿಕ್ಕು ಬಿಟ್ಟ ಖೋಲಿಯಷ್ಟು ಜಾಗಾದಾಗ ಪಲ್ಲೆ ಎದ್ದಿತ್ತು, ಬಂಡಿ ಹಿಂದನೂ ಒಂದೀಟ. "ಅತ್ತೀ, ಇಷ್ಟರೆ ಐತಲ್ಲ, ಕೀಳೋಣು," ಅಂದೆ. ಕೈಮ್ಯಾಲೆ ಬಡದ್ಲು. "ಬೀಜಕ್ಕ ಬಿಡಬೇಕು. ಎಲಿ ಕಿತ್ರ ಹೂವು ಎಲ್ಲಿಂದ ಬರತೈತಿ? ನಿನ್ನ ಒಂದ ತಪ್ಪಿನ ಮ್ಯಾಲೆ ಇನ್ನೊಂದ ತಪ್ಪ ಮಾಡಿದ್ದಕ್ಕ ಇಷ್ಟ ಉಳದೈತಿ. ಮೂರನೇದ್ದು ಮಾಡಬ್ಯಾಡ." ಹೊಲದ ಗೌಡಶಾನಿ ಬಂದು, "ಅಕ್ಕಾ, ಈ ಸಲ ಪಲ್ಲೆ ಯಾಕ ತರಲಿಲ್ಲ?" ಅಂತ ಕೇಳಿದ್ಲು. ಅತ್ತಿ ನನ್ನ ಕಡೆ ನೋಡದನ, "ಮಳಿ ಸರಿ ಆಗಲಿಲ್ಲವಾ," ಅಂದ್ಲು. ಗೌಡಶಾನಿ, "ಹಂಗಾರ ನಾಳೆ ಕಸಕ್ಕ ಲಗೂನ ಬಾ," ಅಂದು ಹೋದ್ಲು. ಆ ಹದಿನೈದ ದಿವಸಾನೂ ಅತ್ತಿ ಮಂದಿ ಹೊಲದಾಗ ಬಗ್ಗಿದ್ಲು. ಮಳಿ ಮ್ಯಾಲೆ ಹಾಕಿದ ಆ ಸುಳ್ಳು ನನಗ ಬೈಗಳಕಿಂತ ಜೋರ ಹತ್ತಿತು.

ಆಗಿಂದ ಕೀಳಾಕ ಹತ್ತೇನಿ. ಒಬ್ಬಾಂವ ಹೆಂಗ ಕಿತ್ತೇನು? ಇಚಲಕರಂಜಿ ಮಗ್ಗಾ ಅರಿವಿ ನೇಯೂದಕಿಂತ ಜೋರ ಅದು ಬೆಳೀತೈತಿ. ಇಲ್ಲಿ ಕಿತ್ತು ತಿರುಗಿ ನೋಡೂದ್ರಾಗ ಅಲ್ಲಿ ಹೂವು. ಮೊದಲನೇ ವಾರ ಕಿತ್ತದ್ದನ್ನ ಹೂವಿನ ಸಹಿತ ಹೊತ್ತುಕೊಂಡು ಬಂದು ಹಿತ್ತಲ ತಿಪ್ಪ್ಯಾಗ ಚೆಲ್ಲಿದೆ. ಮುಂದಿನ ತಿಂಗಳು ತಿಪ್ಪಿಯೂ ಹಸರು, ಹಿತ್ತಲಾನೂ ಹಸರು. ಅತ್ತಿ ಕಟ್ಟಿ ಮ್ಯಾಲೆ ಕುಂತು, "ಇನ್ನ ಅಡಗಿಮನಿಯೊಂದ ಉಳದೈತಿ, ಅಲ್ಲೂ ಹಚ್ಚ," ಅಂದ್ಲು. ಹೂವಿಗಿಂತ ಮೊದಲ ಕೀಳಬೇಕು, ಕಿತ್ತದ್ದು ಅಲ್ಲೇ ಬೇರು ಮ್ಯಾಲೆ ಮಾಡಿ ಒಣಗಸಬೇಕು ಅಂತ ಕಲ್ತದ್ದು ಆ ಮ್ಯಾಲೆ. ಕಾಲೇಜಿನ ಹಾಳಿ ಮ್ಯಾಲೆ ಅದು ಬರದಿರಲಿಲ್ಲ. ಬರದಿದ್ರೂ ನಾ ಓದತಿದ್ನೇನ?

ಬಂಡಿ ಹತ್ರದ ಅರ್ಧ ಪಟ್ಟಿ ಹೆಂಗೋ ಸಾಫ್ ಆತು. ಅಲ್ಲಿ ಹುಲ್ಲು ಒಂದೀಟ ತಿರುಗಿ ಬಂತು. ಡಿಸೆಂಬರದಾಗ ಅತ್ತಿ, ನಾನು, ನಾಚಿಕಿ ಬಂದು ಸೇರಿದ ಮಾಮಾ, ಮೂವರೂ ಕುಡಗೋಲಲೇ ಆ ಹುಲ್ಲ ಕೊಯ್ದ್ವಿ, ಗೇಣ ಬುಡ ಬಿಟ್ಟು. ಮಂಜಿನ ಮುಂಜಾನೆ ಕೂಡಿಸಿ ಸುಟ್ಟಿವಿ. ಒದ್ದಿ ನೆಲದ ಮ್ಯಾಲೆ ಬೆಂಕಿ ಸಣ್ಣಗ, ಸಾಕಿದ ನಾಯಿ ಹಂಗ ಸುಳೀತು. ಇನ್ನರ್ಧ ಪಟ್ಟಿ ನಮ್ಮ ಕೈಲೆ ಆಗಲಿಲ್ಲ. ಅಲ್ಲಿ ರಾನಮೋಡಿ ಆಳೆತ್ತರ ಎದ್ದು, ಬ್ಯಾಸಿಗಿಗಿ ಒಣಗಿ ಗರಿಗರಿ ಕಟಗಿ ಆತು. ಅಧ್ಯಕ್ಷ ಕಾಕಾಗ ಹೋಗಿ ಹೇಳಿದೆ.

"ಕಾಕಾ, ಹುಲ್ಲಕಿಂತ ಜೋರ ಉರಿಯೂದನ್ನ ಬೆಳಿಸೇವಿ ನಾವು."

"ಅರೇ, ಜಾಳರೇಷಾ ಝಾಲೀ ನಾ, ಆತಲ್ಲ? ಫೋಟೋ ಐತಿ," ಅಂದ್ರು. ಎದ್ದು ಗ್ವಾಡಿ ಮ್ಯಾಲಿನ ಫೋಟೋದ ಧೂಳಾ ಒರಸಿದ್ರು. ನನ್ನ ಮಾರಿ ಮ್ಯಾಲೆ ಒಂದೀಟ ಹೆಚ್ಚಿಗಿ ಒರಸಿದ್ರು.

ಮಾರ್ಚಿನ್ಯಾಗ ರವದಿ ಬೆಂಕಿ ಬಂತು. ಮಧ್ಯಾಹ್ನ ಹೊತ್ತು, ಗಾಳಿ ಜೋರ. ರಾನಮೋಡಿ ಇದ್ದ ಕಡೆ ಅದು ನಿಲ್ಲಲಿಲ್ಲ, ಓಡಿತು. ಎಣ್ಣಿ ಇದ್ದ ಎಲಿ ಫಟಫಟ ಅಂತ ಸಿಡದು, ಜ್ವಾಲಿ ಆಳ ಮ್ಯಾಲೊಂದ ಆಳ ಎದ್ದು, ಬೆಂಕಿ ತಡಿಲಿ ಅಂತ ಮಾಡಿದ ಪಟ್ಟಿನ ಬೆಂಕಿಗಿ ಡಾಂಬರ ರಸ್ತಾ ಆತು. ಗುಡ್ಡದ ಆ ಮಗ್ಗಲಾ ಪೂರಾ ಕರ್ರಗಾತು. ಅತ್ತಿ ಬಂಡಿಗಲ್ಲಿನ ಮುಂದ ಲಕ್ಕಿ ಗಿಡದ ಹಸೀ ಟೊಂಗಿ ಹಿಡಕೊಂಡ ನಿಂತಿದ್ಲು, ನಾ ಅಕಿ ಹಿಂದ, ಮಾಮಾ ನನ್ನ ಹಿಂದ. ಬೆಂಕಿ ಪಟ್ಟಿಗುಂಟ ನಮ್ಮ ಕಡೆ ಬಂತು. ಕೊಯ್ದ ಹುಲ್ಲಿನ ತನಾ ಬಂದು, ತಿನ್ನಾಕ ಏನೂ ಸಿಗದ ತಗ್ಗಿತು. ಗೇಣ ಎತ್ತರ, ಮೊಣಕಾಲ ಕೆಳಗ. ಅತ್ತಿ ಟೊಂಗಿಲೇ ಬಡದ್ಲು. ನಾನೂ ಬಡದೆ. ಎರಡನೇ ಪೆಟ್ಟಿಗಿ ನನ್ನ ಚಪ್ಪಲಿಗಿ ಬೆಂಕಿ ಹತ್ತಿ ನಾ ಕುಣಿಯಾಕ ಸುರು ಮಾಡಿದೆ. ಮಾಮಾ ಬೆಂಕಿ ಬಿಟ್ಟು ನನ್ನ ಕಾಲ ಬಡದ. ಬೆಂಕಿ ಆರಿದ ಮ್ಯಾಲೂ ಒಂದೆರಡು ಬಡದ ಅನ್ನಸತೈತಿ.

ಈ ಜೂನಿನ್ಯಾಗ ಮಳಿ ಬಿತ್ತು. ನಾ ಅತ್ತಿಕಿಂತ ಮೊದಲ ಎದ್ದು ಗುಡ್ಡಕ್ಕ ಓಡಿದೆ. ಜೆಸಿಬಿ ಕೆರದ ಕಡೆ, ಕರೇ ಬೂದಿಯೊಳಗ, ಸುಟ್ಟ ಬುಡದಿಂದನ ರಾನಮೋಡಿ ಮತ್ತ ಚಿಗತೈತಿ, ಗಾಜರ ಗವತ ಮತ್ತ ಬಂದೈತಿ. ಥೂ, ಅವಕ್ಕ ಸಾವೂ ಇಲ್ಲ, ಮಾನಾನೂ ಇಲ್ಲ. ಬಂಡಿಗಲ್ಲಿನ ಕಡೆ ಬಂದೆ. ಕೊಯ್ದು ಸುಟ್ಟ ಹುಲ್ಲಿನ ಬುಡಕ್ಕ ಹಸರ ಮೂಡಿತ್ತು, ಅದರ ನಡುವ ದಪ್ಪ ಎಲಿ, ನಡುವ ಮಡಚಿದಂಗ. ಖೋಲಿಯಷ್ಟ ಇದ್ದದ್ದು ಖೋಲಿ ಮತ್ತ ಪಡಸಾಲಿಯಷ್ಟ ಆಗಿತ್ತು. ಹೋದ ವರ್ಷದ ಬೀಜ ಬಿದ್ದಲ್ಲೆಲ್ಲಾ ಸೂಜಿಯಂಥಾ ಸಸಿ. ಬಗ್ಗಿ ಒಂದೊಂದ ಮುಟ್ಟಿ ಮುಟ್ಟಿ ಎಣಿಸಿದೆ. ಈ ಸಲ ಗುರುತ ಹಿಡದೆ, ಇಸ್ತ್ರಿ ಇಲ್ಲದನ.

ಅತ್ತಿ ಬಂದು ಬುಡಕ್ಕೊಂದರಂತೆ ಎಲಿ ಚಿವುಟಿದ್ಲು. ಸಂತಿಗಿ ಒಯ್ಯೂವಷ್ಟಿಲ್ಲ, ಒಂದ ಮುಟಗಿ. ಮನಿಗಿ ಬಂದು ಕಡ್ಲಿಬ್ಯಾಳಿ, ಬಳ್ಳೊಳ್ಳಿ ಹಾಕಿ ಮಾಡಿದ್ಲು. ಎರಡ ವರ್ಷದ ಮ್ಯಾಲೆ ಆ ವಾಸ ಮನಿ ತುಂಬಿತು. ಮೊದಲ ಒಂದ ಚೂರ ಬೀರಪ್ಪ ದೇವ್ರ ಮುಂದ ಇಟ್ಲು, ಆಮ್ಯಾಲೆ ರೊಟ್ಟಿ ಮ್ಯಾಲೆ ಒಂದ ಚಮಚಾ ಹಾಕಿ ನನ್ನ ಮುಂದ ಸರಸಿದ್ಲು.

ನಾ ತುತ್ತ ಮುರದು ಬಾಯಿಗಿ ಒಯ್ದೆ. ರಾನಮೋಡಿ. ಪಲ್ಲೆ ಅಲ್ಲ, ಬಳ್ಳೊಳ್ಳಿ ಅಲ್ಲ, ಬೆರಳಿನ ಆ ತಗಣಿ ವಾಸ ಮೂಗಿಗಿ, ಮೂಗಿನಿಂದ ನಾಲಗಿಗಿ. ಆವತ್ತ ಮುಂಜಾನೆನೂ ಕಿತ್ತು ಬಂದಿದ್ದೆ. ತುತ್ತ ಒಳಗೂ ಹೋಗಲಿಲ್ಲ, ಉಗಳಾಕ ಧೈರ್ಯಾನೂ ಬರಲಿಲ್ಲ. ಕಣ್ಣಾಗ ನೀರ ಬಂತು.

"ಹೆಂಗಾಗೈತಿ?" ಅತ್ತಿ ಕೇಳಿದ್ಲು.

"ಭಾಳ ಚೊಲೊ," ಅಂದೆ, ತುತ್ತ ಬಗಲ ಹಲ್ಲಿಗಿ ಸರಸಿಕೊಂಡು.

ಅಕಿ ನನ್ನ ಮಾರಿ ನೋಡಿದ್ಲು, ಕೈ ನೋಡಿದ್ಲು, ಬಗ್ಗಿ ಒಮ್ಮೆ ಮೂಸಿದ್ಲು. "ಥೂ!" ಅಂದು ತಾಟ ತನ್ನ ಕಡೆ ಎಳಕೊಂಡ್ಲು. "ಇಂಥಾ ಕೈಲೆ ಇದನ್ನ ತಿಂದು ಹಾಳ ಮಾಡಬ್ಯಾಡ. ಆ ಕಸಾ ಪೂರಾ ತಗದ ವರ್ಷ ನಿನಗ ಹಾಕತೇನಿ."

"ಮತ್ತ ಈಗ?"

"ನೋಡೋಣು ತಡಿ," ಅಂದ್ಲು ಅತ್ತಿ. ಪಲ್ಲೆ ಪೂರಾ ತಾನ ಉಂಡ್ಲು, ತಾಟ ಬೆರಳಲೇ ಒರಸಿ ನೆಕ್ಕಿದ್ಲು, ನನಗ ಉಪ್ಪಿನಕಾಯಿ ಹಾಕಿದ್ಲು.